ಸಗಣಿಯ ವಯಸ್ಸು

ಮುಂಗಾರಿನ ಮೊದಲ ಮಳೆಗಳು ಬಿದ್ದ ರಾತ್ರಿ ತೋಟದ ಮನೆಯ ದೀಪಕ್ಕೆ ಬಂದು ಬಡಿಯುವ ದಪ್ಪನೆಯ ಕಪ್ಪು ದುಂಬಿಯನ್ನು ಕಂಡ ಕೂಡಲೇ ಮೆಟ್ಟಿ ಹಾಕುವವರು ತೆಂಗಿನ ಸೀಮೆಯಲ್ಲಿ ಕಡಿಮೆಯಿಲ್ಲ. ಅವರ ಲೆಕ್ಕದಲ್ಲಿ ಅದು ಕುರುವಾಯಿ, ಅಂದರೆ ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿ. ಬಹಳ ಸಲ ಆ ಲೆಕ್ಕ ಸರಿಯೇ. ಆದರೆ ಅದೇ ಕಪ್ಪು ಬಣ್ಣ, ಅದೇ ಗಟ್ಟಿ ಕವಚ, ಗಂಡಿನ ತಲೆಯ ಮೇಲೆ ಅದೇ ರೀತಿಯ ಕೊಂಬು ಇರುವ ಇನ್ನೊಂದು ದುಂಬಿಯೂ ಅದೇ ದೀಪಕ್ಕೆ ಬರುತ್ತದೆ. ಅದು ದನದ ಸಗಣಿಯನ್ನು ನೆಲದೊಳಗೆ ಒಯ್ದು ಹೂಳುವ ಸಗಣಿ ಹುಳು. ವಿಜ್ಞಾನಿಗಳು ಇಟ್ಟಿರುವ ಹೆಸರು ಕಥಾರ್ಸಿಯಸ್ ಮೊಲೋಸಸ್. ಕುರುವಾಯಿಯ ಹೆಸರು ಒರಿಕ್ಟಿಸ್ ರೈನೋಸರಸ್. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಜೀವಿಗಳನ್ನೆಲ್ಲ ಪಟ್ಟಿ ಮಾಡುವಾಗ ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಸ್ಕಾರಬೇಯಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. ಆಮೇಲೆ ಬಂದವರು ಕುಲ ಬೇರೆ ಮಾಡಿದರು, ಕುಟುಂಬ ಮಾತ್ರ ಇಂದಿಗೂ ಒಂದೇ. ಹೀಗಿದ್ದೂ ನಮ್ಮ ಕೃಷಿ ಕೈಪಿಡಿಗಳಲ್ಲಿ ಒಂದು ಪೀಡೆ, ಇನ್ನೊಂದು ರೈತಮಿತ್ರ. ಈ ವಿಂಗಡಣೆ ನೋಡುವುದಕ್ಕೆ ಸರಳವಾಗಿದೆ, ಆದರೆ ಅದು ಹುಳುಗಳ ಬಗ್ಗೆ ಹೇಳುವುದಕ್ಕಿಂತ ನಾವು ಸಗಣಿಯನ್ನು ಎಲ್ಲಿ, ಎಷ್ಟು ಕಾಲ ಇಡುತ್ತೇವೆ ಎಂಬುದರ ಬಗ್ಗೆ ಹೆಚ್ಚು ಹೇಳುತ್ತದೆ ಎನ್ನುವುದು ನನ್ನ ವಾದ. ಕುರುವಾಯಿ ಮರಕ್ಕೆ ಕೆಡುಕು ಮಾಡುತ್ತದೆ, ನಿಜ. ಆ ಕೆಡುಕು ತೋಟ ಹಾಳುಮಾಡುವ ಮಟ್ಟಕ್ಕೆ ಬೆಳೆಯಬೇಕಾದರೆ ಮಾತ್ರ ಅದಕ್ಕೆ ನಮ್ಮ ಸಹಾಯ ಬೇಕು.

ಮೊದಲು ಎರಡರ ಊಟ ನೋಡೋಣ. ಕುರುವಾಯಿ ಸೊಪ್ಪು ಮೇಯುವ ಹುಳುವಲ್ಲ. ರಾತ್ರಿ ಹಾರಿ ಬಂದು ಗರಿಯ ಬುಡದ ಸಂದಿಯಲ್ಲಿ ಇಳಿದು, ಇನ್ನೂ ಬಿಚ್ಚದ ಸುಳಿಯ ಕಡೆಗೆ ಬಿಲ ಕೊರೆಯುತ್ತದೆ. ಅಗಿದ ನಾರನ್ನು ಹೊರಕ್ಕೆ ತಳ್ಳಿ, ಒಸರುವ ರಸವನ್ನು ಮಾತ್ರ ಕುಡಿಯುತ್ತದೆ. ತೂತಿನ ಬಾಯಲ್ಲಿ ನಾರಿನ ಉಂಡೆ ಕಂಡರೆ ಒಳಗೆ ಹುಳು ಇದೆಯೆಂದು ತೋಟದವರಿಗೆ ಗೊತ್ತಾಗುವುದು ಅದರಿಂದಲೇ. ಆ ಸುಳಿ ತಿಂಗಳುಗಳ ನಂತರ ಗರಿಯಾಗಿ ಬಿಚ್ಚಿಕೊಂಡಾಗ ಕತ್ತರಿಯಿಂದ ಕತ್ತರಿಸಿದಂತೆ ತ್ರಿಕೋನಾಕಾರದ ಕಚ್ಚುಗಳು ಕಾಣುತ್ತವೆ. ಬೆಳೆದ ಮರ ಇದನ್ನು ತಾಳಿಕೊಳ್ಳುತ್ತದೆ. ಎರಡು ಮೂರು ವರ್ಷದ ಸಸಿಯಲ್ಲಿ ಬಿಲ ಬೆಳೆಯುವ ತುದಿಗೇ ಮುಟ್ಟಿದರೆ ಗಿಡವೇ ಹೋಗುತ್ತದೆ. ಹೊಂಬಾಳೆಗೆ ಪೆಟ್ಟು ಬಿದ್ದರೆ ಆ ಗೊನೆಯ ಕಾಯಿ ಹೋಯಿತು. ಗಾಯದ ವಾಸನೆ ಹಿಡಿದು ಬರುವ ಕೆಂಪು ಮೂತಿ ಹುಳುವಂತೂ ಕುರುವಾಯಿಗಿಂತ ಘಾತುಕ. ಅದರ ಮರಿಗಳು ಕಾಂಡದೊಳಗೇ ಬೆಳೆದು ಮರವನ್ನು ಒಳಗಿನಿಂದ ತಿಂದು ಕೆಡವುತ್ತವೆ. ಇತ್ತ ಬೆಳೆದ ಸಗಣಿ ಹುಳು ಕೂಡ ಕುಡಿಯುವ ಜೀವಿಯೇ. ಅದರ ದವಡೆಯ ಅಂಚು ಮೆತ್ತನೆಯದು, ಹುಲ್ಲಿನ ನಾರನ್ನು ಕಡಿಯಲಾರದು. ಹಸಿ ಸಗಣಿಯನ್ನು ಹಿಂಡಿ, ಅದರ ನೀರಿನಲ್ಲಿ ತೇಲುವ ಅತಿ ಸಣ್ಣ ಕಣಗಳನ್ನು, ಸೂಕ್ಷ್ಮಜೀವಿಗಳನ್ನು ಸೋಸಿಕೊಂಡು ಹೀರುತ್ತದೆ. ಸಗಣಿ ಒಣಗಿತೆಂದರೆ ಅದಕ್ಕೆ ಊಟವಿಲ್ಲ. ನಾರು ತಿನ್ನುವ ಕೆಲಸ ಎರಡರಲ್ಲೂ ಮರಿಗಳದ್ದು. ಬಿಳಿ ಬಣ್ಣದ, ಅರ್ಧ ಚಂದ್ರಾಕಾರಕ್ಕೆ ಬಾಗಿದ ಗೊಣ್ಣೆ ಹುಳುಗಳು ಗಟ್ಟಿ ದವಡೆಯಿಂದ ನಾರನ್ನು ಅಗಿದು, ಕರುಳಿನ ಸೂಕ್ಷ್ಮಜೀವಿಗಳ ನೆರವಿನಿಂದ ಜೀರ್ಣಿಸಿಕೊಳ್ಳುತ್ತವೆ. ತಾಯಿ ರಸ ಕುಡಿಯುತ್ತದೆ, ಮಗು ನಾರು ತಿನ್ನುತ್ತದೆ; ಇಷ್ಟರ ಮಟ್ಟಿಗೆ ಎರಡೂ ಮನೆಗಳ ಅಡುಗೆ ಒಂದೇ.

ದಾರಿ ಕವಲೊಡೆಯುವುದು ಮರಿಗೆ ಊಟ ಬಡಿಸುವ ಕ್ರಮದಲ್ಲಿ. ಸಗಣಿ ಹುಳುವಿನ ತಾಯಿ ಹಸಿ ಸಗಣಿ ಬಿದ್ದ ಸ್ವಲ್ಪ ಹೊತ್ತಿನಲ್ಲೇ ವಾಸನೆ ಹಿಡಿದು ಬರುತ್ತದೆ. ಸಗಣಿಯ ಅಡಿಯಲ್ಲೇ ಸುರಂಗ ತೋಡಿ, ಕಂತು ಕಂತಾಗಿ ಸಗಣಿಯನ್ನು ಕೆಳಕ್ಕೆ ಎಳೆದುಕೊಂಡು, ಉಂಡೆ ಕಟ್ಟಿ, ಒಂದೊಂದು ಉಂಡೆಯಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಆ ಮರಿಯ ಇಡೀ ಬಾಲ್ಯದ ಊಟ ಅಷ್ಟೇ. ಹೆಚ್ಚಿಗೆ ಬೇಕೆಂದರೂ ಸಿಗದು. ಗಂಡಿನ ಕೊಂಬು ಉಪಯೋಗಕ್ಕೆ ಬರುವುದೂ ಇಲ್ಲಿಯೇ, ಸುರಂಗಕ್ಕೆ ನುಗ್ಗುವ ಬೇರೆ ಗಂಡುಗಳನ್ನು ತಡೆಯಲು. ನಮ್ಮ ಆನೆ ಕಾಡುಗಳಲ್ಲಿ ಇದರ ದೊಡ್ಡ ದಾಯಾದಿ ಹೆಲಿಯೊಕೊಪ್ರಿಸ್ ಆನೆ ಲದ್ದಿಯನ್ನು ಹೀಗೆ ಹೂಳುತ್ತದೆ. ಅದು ಆಳದಲ್ಲಿ ಕಟ್ಟಿಟ್ಟ, ಮಣ್ಣು ಮೆತ್ತಿ ಗಟ್ಟಿಯಾದ ಉಂಡೆಗಳು ನೆಲ ಅಗೆಯುವಾಗ ಸಿಕ್ಕಿ, ಹಿಂದೆಂದೋ ಹಾರಿಸಿದ ಫಿರಂಗಿಯ ಕಲ್ಲುಗುಂಡುಗಳೆಂದು ಬ್ರಿಟಿಷರ ಕಾಲದಲ್ಲಿ ಜನ ನಂಬಿದ್ದುಂಟು. ಇಷ್ಟೆಲ್ಲ ದುಡಿಮೆ ಬೇಡುವ ಸಂಸಾರದಲ್ಲಿ ಮಕ್ಕಳ ಸಂಖ್ಯೆ ಸಹಜವಾಗಿಯೇ ಕಡಿಮೆ. ಕುರುವಾಯಿಯ ತಾಯಿಗೆ ಈ ಯಾವ ಕಷ್ಟವೂ ಇಲ್ಲ. ಹಳೆಯ ತಿಪ್ಪೆ, ಕೊಳೆತ ತೆಂಗಿನ ಬೊಡ್ಡೆ, ಮರದ ಪುಡಿಯ ರಾಶಿ, ಹೀಗೆ ಕಳಿತ ಪದಾರ್ಥ ಎಲ್ಲಿ ಸಿಕ್ಕಿದರೂ ಒಳಹೊಕ್ಕು ಮೊಟ್ಟೆಯಿಟ್ಟು ಹೊರಡುತ್ತದೆ, ಜೀವಮಾನದಲ್ಲಿ 50ರಿಂದ 100. ಉಂಡೆ ಕಟ್ಟುವುದಿಲ್ಲ, ಪಾಲು ಹಂಚುವುದಿಲ್ಲ. ರಾಶಿಯೇ ಮರಿಗಳ ಉಗ್ರಾಣ.

ಈ ಸಣ್ಣ ವ್ಯತ್ಯಾಸದಿಂದ ದೊಡ್ಡ ಪರಿಣಾಮವೊಂದು ಹುಟ್ಟುತ್ತದೆ. ಸಗಣಿ ಹುಳುಗಳ ಸಂಖ್ಯೆಗೆ ತಾಯಿಯ ದುಡಿಮೆಯೇ ಕಡಿವಾಣ. ಹತ್ತು ಗಾಡಿ ಸಗಣಿ ಒಂದೇ ಕಡೆ ಬಿದ್ದರೂ ಅದು ಒಯ್ಯುವುದು ತನ್ನ ಕೈಲಾದಷ್ಟೇ, ಅದೂ ಹಸಿಯಾಗಿರುವ ಕೆಲವೇ ದಿನಗಳಲ್ಲಿ. ಕುರುವಾಯಿಗೆ ಅಂಥ ಕಡಿವಾಣವನ್ನು ಅದರ ಸ್ವಭಾವ ಹಾಕಿಲ್ಲ; ಹಾಕುವುದು ಕಳಿತ ರಾಶಿಯ ಗಾತ್ರ ಮತ್ತು ಅದು ಅಲುಗದೆ ನಿಂತಿರುವ ಕಾಲ. ಮೊಟ್ಟೆ ಒಡೆಯಲು ಹತ್ತು ದಿನಗಳ ಆಸುಪಾಸು, ಗೊಣ್ಣೆ ಹುಳುವಾಗಿ ಮೂರು ನಾಲ್ಕು ತಿಂಗಳು, ಕೋಶಾವಸ್ಥೆಯಲ್ಲಿ ಸುಮಾರು ಮೂರು ವಾರ. ಎಲ್ಲ ಕೂಡಿದರೆ ನಾಲ್ಕೈದು ತಿಂಗಳು. ಅಷ್ಟು ದಿನ ಯಾರೂ ಮುಟ್ಟದ ರಾಶಿ ಬೇಕು. ಕಾಡಿನಲ್ಲಿ ಅಂಥದ್ದು ಅಪರೂಪ: ಎಲ್ಲೋ ಒಂದು ಬಿದ್ದ ಮರ, ಎಲ್ಲೋ ಒಂದು ಟೊಳ್ಳು ಬೊಡ್ಡೆ. ನಮ್ಮ ಊರುಗಳಲ್ಲಿ ಮನೆಗೊಂದು ತಿಪ್ಪೆ. ಒಂದು ಮುಂಗಾರಿನಲ್ಲಿ ಶುರುವಾದ ತಿಪ್ಪೆ ಹೊಲಕ್ಕೆ ಹೋಗುವುದು ಮುಂದಿನ ಮುಂಗಾರಿಗೆ ಮೊದಲು. ಕುರುವಾಯಿಗೆ ಒಂದಲ್ಲ, ಎರಡು ತಲೆಮಾರು ಬೆಳೆಸಲು ಸಾಕಾಗುವಷ್ಟು ಬಿಡುವು. ಆ ತಿಪ್ಪೆಯಿಂದ ಕೂಗಳತೆಯ ದೂರದಲ್ಲಿ ಸಾಲಾಗಿ ನೆಟ್ಟ ತೆಂಗು. ಮರಿಗೆ ಬೇಕಾದ ಉಗ್ರಾಣವನ್ನೂ ದೊಡ್ಡವರಿಗೆ ಬೇಕಾದ ರಸವನ್ನೂ ಇಷ್ಟು ಹತ್ತಿರ ಹತ್ತಿರ ತಂದಿಟ್ಟವರು ನಾವು.

ಇದು ಬರಿಯ ತರ್ಕವಲ್ಲ ಎನ್ನಲು ಪೆಸಿಫಿಕ್ ಸಾಗರದ ದ್ವೀಪಗಳ ಚರಿತ್ರೆ ಸಾಕ್ಷಿ. 1909ರಲ್ಲಿ ಸಿಲೋನಿನಿಂದ ರಬ್ಬರ್ ಸಸಿಗಳ ಜೊತೆ ಕುರುವಾಯಿ ಸಮೋವಾ ತಲುಪಿತು. ಅಲ್ಲಿಂದಾಚೆಗೆ ದ್ವೀಪದಿಂದ ದ್ವೀಪಕ್ಕೆ ಹಬ್ಬುತ್ತ, ಎರಡನೆಯ ಮಹಾಯುದ್ಧದ ಹೊತ್ತಿಗೆ ಪಲಾವುಗೆ ಬಂತು. ಬಾಂಬಿಗೆ, ಯುದ್ಧದ ಕಾಮಗಾರಿಗಳಿಗೆ ಉರುಳಿದ ತೆಂಗಿನ ಮರಗಳು ಅಲ್ಲಲ್ಲೇ ಕೊಳೆಯುತ್ತಿದ್ದ ಕಾಲ ಅದು. ಸುಮಾರು ಹತ್ತು ವರ್ಷಗಳಲ್ಲಿ ಪಲಾವು ದ್ವೀಪಗಳ ತೆಂಗಿನಲ್ಲಿ ಅರ್ಧದಷ್ಟು ನಾಶವಾಯಿತು. ಹುಳು ಅದೇ, ಮರ ಅದೇ. ಆದರೆ ನಮ್ಮ ಕರಾವಳಿಯಲ್ಲಾಗಲಿ ತಿಪಟೂರು, ಅರಸೀಕೆರೆಯ ಸೀಮೆಯಲ್ಲಾಗಲಿ ಅರ್ಧಕ್ಕರ್ಧ ತೋಟವನ್ನು ಕುರುವಾಯಿಯೊಂದೇ ಕೆಡವಿದ್ದು ಕೇಳಿಲ್ಲ. ಇದಕ್ಕೆ ಒಂದು ಕಾರಣ ಅಲ್ಲಿ ಕೊಳೆಯುತ್ತಿದ್ದ ಮರಗಳ ಲೆಕ್ಕವಿಲ್ಲದ ರಾಶಿ. ಇನ್ನೊಂದು ಕಾರಣವನ್ನು 1960ರ ದಶಕದ ಮೊದಲಲ್ಲಿ ಜರ್ಮನಿಯ ಅಲೋಯಿಸ್ ಹೂಗರ್ ಮಲೇಷ್ಯಾದಲ್ಲಿ ಕಂಡುಹಿಡಿದರು. ಕುರುವಾಯಿಯ ಹಳೆಯ ನೆಲದಲ್ಲಿ ಅದಕ್ಕೆ ತಗಲುವ ವೈರಸ್ಸೊಂದಿದೆ. ಸೋಂಕು ತಗಲಿದ ದುಂಬಿ ಕೂಡಲೇ ಸಾಯುವುದಿಲ್ಲ. ಸರಿಯಾಗಿ ಉಣ್ಣದೆ, ಮೊಟ್ಟೆಯಿಡದೆ, ಹಾರಿದ ಕಡೆಯೆಲ್ಲ ಹಿಕ್ಕೆಯ ಮೂಲಕ ವೈರಸ್ಸನ್ನು ಹಂಚುತ್ತ ತಿಪ್ಪೆಯಿಂದ ತಿಪ್ಪೆಗೆ ತಿರುಗುತ್ತದೆ. ಕೇರಳದ ದುಂಬಿಗಳಲ್ಲೂ ಅದು ಸಿಕ್ಕಿತು. 1967ರಲ್ಲಿ ಅದನ್ನು ಸಮೋವಾದಲ್ಲಿ ಬಿಟ್ಟಾಗ ಹಾವಳಿ ಗಣನೀಯವಾಗಿ ಇಳಿಯಿತು. ಲಕ್ಷದ್ವೀಪದ ಮಿನಿಕಾಯ್‌ನಲ್ಲಿಯೂ 1980ರ ದಶಕದಲ್ಲಿ ನಮ್ಮ ವಿಜ್ಞಾನಿಗಳು ಇದನ್ನು ಬಿಟ್ಟು ಫಲ ಕಂಡರು.

ಹಾಗಾದರೆ ವೈರಸ್ ಬಿಟ್ಟರೆ ಸಾಲದೇ, ತಿಪ್ಪೆಯ ಮಾತೇಕೆ ಎಂದು ಕೇಳಬಹುದು. ಸಾಲದು ಎಂಬುದಕ್ಕೆ ಪುರಾವೆ ಇದೆ. 2007ರಲ್ಲಿ ಗುವಾಮ್ ದ್ವೀಪದಲ್ಲಿ ಕಾಣಿಸಿಕೊಂಡ ಕುರುವಾಯಿಯ ತಳಿಯ ಮೇಲೆ ಆ ವೈರಸ್ಸಿನ ಪರಿಚಿತ ಬಗೆಗಳು ನಾಟಲಿಲ್ಲ. 2013ರಲ್ಲಿ ಹವಾಯಿಗೂ ಬಂದದ್ದು ಅದೇ ತಳಿ. ರೋಗಕ್ಕೆ ಒಗ್ಗಿಕೊಳ್ಳುವ ಹುಳು ಹುಟ್ಟಬಲ್ಲದು; ನಾಲ್ಕೈದು ತಿಂಗಳ ಬೆಳವಣಿಗೆಯನ್ನು ಆರು ವಾರಕ್ಕೆ ಇಳಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ನಾರು ತಿಂದು ಅಷ್ಟು ದೊಡ್ಡ ಮೈ ಕಟ್ಟಬೇಕಾದರೆ ಕಾಲ ಬೇಕೇ ಬೇಕು. ಆದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ತಿಪ್ಪೆಯನ್ನು ಬುಡಮೇಲು ಮಾಡುವ ಹಳೆಯ ಸಲಹೆ ನನಗೆ ಎಲ್ಲ ಔಷಧಗಳಿಗಿಂತ ಮೇಲೆನಿಸುತ್ತದೆ. ಗುದ್ದಲಿ ಬಿದ್ದ ಕೂಡಲೇ ಕೋಳಿ, ಕಾಗೆ, ಮೈನಾಗಳು ಉಳಿದ ಕೆಲಸ ಮುಗಿಸುತ್ತವೆ. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ತಿಪ್ಪೆಗೆ ಬೆರೆಸುವುದು, ಸುಳಿಯ ಸುತ್ತಲ ಗರಿಯ ಸಂದಿಗಳಿಗೆ ಬೇವಿನ ಹಿಂಡಿ ಮತ್ತು ಮರಳು ಹಾಕುವುದು, ದುಂಬಿಗಳನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಕಟ್ಟುವುದು, ಇವೆಲ್ಲ ಒಳ್ಳೆಯವೇ. ಆದರೆ ಇವು ಹುಟ್ಟಿದ ಹುಳುವಿನ ಹಿಂದೆ ಓಡುವ ಉಪಾಯಗಳು. ಬಲೆಗೆ ನಾಲ್ಕು ದುಂಬಿ ಬಿದ್ದವೆಂದು ಸಮಾಧಾನಪಟ್ಟುಕೊಂಡು ಪಕ್ಕದಲ್ಲೇ ವರ್ಷದ ತಿಪ್ಪೆ ಬಿಟ್ಟುಕೊಂಡಿರುವುದು ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆಯೇ ಸರಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ತೆಂಗು ಕೊರೆಯುವುದು ಕುರುವಾಯಿಯ ರಕ್ತಗುಣ, ಸಗಣಿ ಹುಳು ಎಂದೂ ಮರ ಕೊರೆಯದು. ಎರಡರ ಪೂರ್ವಜರು ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ಬೇರೆಯಾದವರು. ಹೀಗಿರುವಾಗ ತಪ್ಪನ್ನೆಲ್ಲ ತಿಪ್ಪೆಯ ಮೇಲೆ ಹೊರಿಸುವುದು ಯಾವ ನ್ಯಾಯ? ರಕ್ತಗುಣ ಎಂಬುದನ್ನು ಒಪ್ಪುತ್ತೇನೆ. ಒಂದು ಕುರುವಾಯಿ ಒಂದು ಸಸಿಯನ್ನು ಕೊಲ್ಲಬಲ್ಲದು, ಮತ್ತು ಆ ಸಸಿ ನೆಟ್ಟವರ ಮುಂದೆ ಪರಿಸರ ಸಮತೋಲನದ ಭಾಷಣ ಮಾಡುವುದು ಸಲ್ಲದು. ಆದರೆ ಒಂದು ಹುಳುವಿನ ಗುಣ ಬೇರೆ, ಒಂದು ಪೀಡೆಯ ಹಾವಳಿ ಬೇರೆ. ಗುಣವನ್ನು ನಿರ್ಧರಿಸುವುದು ವಂಶ, ಹಾವಳಿಯನ್ನು ನಿರ್ಧರಿಸುವುದು ಸಂಖ್ಯೆ. ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ತೋಟವಿಲ್ಲದ ಕಾಡಿನಲ್ಲಿ ಇದೇ ಹುಳುವಿನ ಮರಿಗಳು ಬಿದ್ದ ಮರವನ್ನು ಅಗಿದು ಮಣ್ಣಿಗೆ ಸೇರಿಸುವ ಕೆಲಸದಲ್ಲಿ ಪಾಲುದಾರರು. ಅಲ್ಲಿ ಅದಕ್ಕೆ ಪೀಡೆ ಎಂಬ ಹಣೆಪಟ್ಟಿ ಹಚ್ಚುವವರೇ ಇಲ್ಲ.

ಸಗಣಿ ಹುಳುವಿನ ಒಳ್ಳೆಯತನವೂ ಹೀಗೆಯೇ ಸಂದರ್ಭದ ಕೂಸು. ಇದಕ್ಕೆ ಆಸ್ಟ್ರೇಲಿಯಾದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1788ರಲ್ಲಿ ಮೊದಲ ಹಡಗುಗಳಲ್ಲಿ ಹೋದ ಬಿಳಿಯರು ದನಗಳನ್ನೂ ಒಯ್ದರು. ಆ ನೆಲದಲ್ಲಿ ಸಗಣಿ ಹುಳುಗಳು ಇರಲಿಲ್ಲವೆಂದಲ್ಲ, ನೂರಾರು ಜಾತಿಗಳಿದ್ದವು. ಆದರೆ ಅವು ಪಳಗಿದ್ದು ಕಾಂಗರೂಗಳ ಒಣ ಹಿಕ್ಕೆಗೆ. ದನದ ಒದ್ದೆ ಸಗಣಿಯ ಗುಪ್ಪೆಯನ್ನು ಹೂಳುವ ಕಸುಬು ಅವುಗಳಲ್ಲಿ ಬಹುಪಾಲಿಗೆ ಗೊತ್ತಿರಲಿಲ್ಲ. ಒಂದು ದನ ದಿನಕ್ಕೆ ಹತ್ತು ಹನ್ನೆರಡು ಬಾರಿ ಸಗಣಿ ಹಾಕುತ್ತದೆ. ಅದು ತಿಂಗಳುಗಟ್ಟಲೆ ಹಾಗೆಯೇ ಒಣಗಿ ಬಿದ್ದು, ಅಡಿಯ ಹುಲ್ಲು ಸತ್ತು, ಅದರಲ್ಲಿ ನೊಣ ಹುಟ್ಟಿ, ಮುಖದ ಮುಂದೆ ಸದಾ ಕೈ ಬೀಸುವುದಕ್ಕೆ ಆಸ್ಟ್ರೇಲಿಯನ್ ಸಲಾಮು ಎಂದು ಹೆಸರೇ ಬಿತ್ತು. ಹಂಗೇರಿಯಿಂದ ವಲಸೆ ಹೋಗಿದ್ದ ಕೀಟತಜ್ಞ ಜಾರ್ಜ್ ಬೊರ್ನೆಮಿಸಾ ಇದರ ಮೂಲ ಹಿಡಿದರು. ಅವರ ಮುಂದಾಳತ್ವದಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಸಂಸ್ಥೆ 1968ರಿಂದ ಆಫ್ರಿಕಾ ಮತ್ತು ಯುರೋಪಿನ 43 ಜಾತಿಯ ಹುಳುಗಳನ್ನು ತರಿಸಿ ಬಿಟ್ಟಿತು. 23 ಜಾತಿ ನೆಲೆಯೂರಿದವು. ಅವು ನೆಲೆಯೂರಿದ ಕಡೆ ಸಗಣಿ ದಿನಗಳಲ್ಲೇ ಮಣ್ಣಿನೊಳಗೆ ಹೋಗತೊಡಗಿತು. ಮೇಲೆ ಒಣಗಿದರೆ ಗಾಳಿಗೆ ಹಾರಿ ಹೋಗುವ ಸಾರಜನಕ ಬೇರಿಗೆ ಸಿಕ್ಕಿತು, ಸುರಂಗಗಳಿಂದ ಮಣ್ಣು ಸಡಿಲವಾಯಿತು, ನೊಣಕ್ಕೆ ಮೊಟ್ಟೆಯಿಡುವ ಜಾಗ ತಪ್ಪಿತು. ಅಮೆರಿಕದಲ್ಲಿ ಇಂಥ ಹುಳುಗಳು ಪಶುಪಾಲಕರಿಗೆ ವರ್ಷಕ್ಕೆ ಸುಮಾರು 38 ಕೋಟಿ ಡಾಲರ್ ಉಳಿಸುತ್ತವೆ ಎಂದು 2006ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಗಮನಿಸಬೇಕಾದದ್ದು ಇಷ್ಟು: ಸ್ಥಳೀಯ ಹುಳುವಿದ್ದೂ ಸಗಣಿಯ ಬಗೆ ಬದಲಾದಾಗ ಅದು ಕೆಲಸಕ್ಕೆ ಬರಲಿಲ್ಲ. ಮಿತ್ರತ್ವವೂ ಸಗಣಿಯ ಹದವನ್ನು, ವಯಸ್ಸನ್ನು ಅವಲಂಬಿಸಿದೆ. ಹಾಗೆಂದು ಇದನ್ನು ದೇವರ ಪಟ್ಟಕ್ಕೆ ಏರಿಸುವುದೂ ಬೇಡ (ಈಜಿಪ್ಟಿನವರು ಹಿಂದೆಯೇ ಏರಿಸಿದ್ದರು, ಅದು ಬೇರೆ ಮಾತು). ನಾಯಿಗಳ ಅನ್ನನಾಳದಲ್ಲಿ ಗಂಟು ಕಟ್ಟುವ ಒಂದು ಜಂತುಹುಳು ಬೆಳೆಯುವುದು ಸಗಣಿ ಹುಳುಗಳ ಹೊಟ್ಟೆಯಲ್ಲೇ.

ನಮ್ಮಲ್ಲಿ ಆಸ್ಟ್ರೇಲಿಯಾದ ತೊಂದರೆಯಿಲ್ಲ. ದನ, ಎಮ್ಮೆ, ಕಾಟಿಗಳ ಜೊತೆಗೇ ವಿಕಾಸವಾದ ಹುಳುಗಳು ಇಲ್ಲಿವೆ. ನಮ್ಮ ತೊಂದರೆ ಸಗಣಿ ಬೀಳುವ ಜಾಗ ಬದಲಾದದ್ದು. ದನಗಳು ಗೋಮಾಳದಲ್ಲಿ, ಗುಡ್ಡದಲ್ಲಿ ಮೇಯುತ್ತಿದ್ದಾಗ ಹಗಲಿನ ಸಗಣಿಯೆಲ್ಲ ಅಲ್ಲೇ ಬಿಡಿಬಿಡಿಯಾಗಿ ಬೀಳುತ್ತಿತ್ತು, ಸಗಣಿ ಹುಳುಗಳ ಪಾಲಿಗೆ. ರಾತ್ರಿಯದ್ದು ಕೊಟ್ಟಿಗೆಗೆ, ಅಲ್ಲಿಂದ ತಿಪ್ಪೆಗೆ. ಗೋಮಾಳಗಳು ಒತ್ತುವರಿಯಾಗಿ, ಕಟ್ಟಿ ಸಾಕುವ ಮಿಶ್ರತಳಿ ಹಸುಗಳು ಬಂದ ಮೇಲೆ ಇಡೀ ದಿನದ ಸಗಣಿ ಕೊಟ್ಟಿಗೆಯಲ್ಲೇ. ಒಂದು ಹುಳುವಿನ ಪಾಲನ್ನು ಕಿತ್ತು ಇನ್ನೊಂದರ ಉಗ್ರಾಣಕ್ಕೆ ಸುರಿದಂತಾಯಿತು. ತಿಪ್ಪೆಯಿಲ್ಲದೆ ಬೇಸಾಯವಿಲ್ಲ, ಸಗಣಿಯನ್ನು ಬಯಲಲ್ಲಿ ಬಿಟ್ಟು ಹೊಲಕ್ಕೇನು ಹಾಕುವುದು ಎಂದು ರೈತರು ಕೇಳಿದರೆ ಅದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ, ಬೇಕಾಗಿಯೂ ಇಲ್ಲ. ತಿಪ್ಪೆ ಬೇಕು. ಅದು ಮುದಿಯಾಗಬಾರದು ಎಂಬುದಷ್ಟೇ ವಾದ. ಅದನ್ನು ತೆಳುವಾಗಿ ಹರಡಿ ಬೇಗ ಕಳಿಸಿ ಹೊಲಕ್ಕೆ ಸಾಗಿಸಬಹುದು, ಬಯೋಗ್ಯಾಸ್ ತೊಟ್ಟಿಗೆ ಹಾಕಿ ಬಗ್ಗಡವನ್ನು ನೇರ ಬುಡಕ್ಕೆ ಕೊಡಬಹುದು. ಸತ್ತ ತೆಂಗಿನ ಮರವನ್ನು ಬೇರು ಸಹಿತ ತೆಗೆದು ಸೀಳಿ ಒಲೆಗೆ ಹಾಕಬಹುದು. ಕೊಳೆಯಲು ಬಿಟ್ಟ ಒಂದು ಬೊಡ್ಡೆಯೂ ತಿಪ್ಪೆಯೇ.

ವಿಷದ ಬಗ್ಗೆ ಎರಡು ಮಾತು ಹೇಳದಿದ್ದರೆ ಈ ಲೆಕ್ಕ ಪೂರ್ಣವಾಗದು. ಕುರುವಾಯಿಯ ಮರಿಗಳನ್ನು ಕೊಲ್ಲಲು ತಿಪ್ಪೆಗೆ ಕೀಟನಾಶಕ ಸುರಿದರೆ ಆ ತಿಪ್ಪೆಯ ಗೊಬ್ಬರದ ಜೊತೆ ವಿಷವೂ ಹೊಲಕ್ಕೆ ಹೋಗುತ್ತದೆ. ಇದು ಎಲ್ಲರಿಗೂ ಕಾಣುವ ನಷ್ಟ. ಕಾಣದ ನಷ್ಟ ದನದ ಹೊಟ್ಟೆಯ ಮೂಲಕ ಆಗುತ್ತದೆ. ದನಗಳ ಜಂತುಹುಳುವಿಗೆ, ಉಣ್ಣೆಗೆ ಕೊಡುವ ಐವರ್ಮೆಕ್ಟಿನ್ ಔಷಧದ ಬಹುಪಾಲು ಸಗಣಿಯಲ್ಲೇ ಹೊರಬರುತ್ತದೆ. ಅಂಥ ಸಗಣಿಯಲ್ಲಿ ಸಗಣಿ ಹುಳುಗಳ ಮರಿ ಬದುಕುವುದಿಲ್ಲವೆಂದು 1987ರಲ್ಲೇ ಬ್ರಿಟನ್ನಿನ ಪ್ರಯೋಗವೊಂದು ತೋರಿಸಿತ್ತು. ಔಷಧ ಬೇಡವೆಂದಲ್ಲ, ಜಂತು ಇರುವ ದನಕ್ಕೆ ಕೊಡಲೇಬೇಕು. ಮಂದೆಗೆಲ್ಲ ವರ್ಷವಿಡೀ ವಾಡಿಕೆಯಂತೆ ಚುಚ್ಚುವುದರ ಬದಲು ಪಶುವೈದ್ಯರನ್ನು ಕೇಳಿ ಅಗತ್ಯವಿದ್ದಾಗ ಕೊಟ್ಟರೆ, ಅದೂ ಸಗಣಿ ಹುಳುಗಳು ಹೆಚ್ಚಾಗಿ ಓಡಾಡುವ ಮಳೆಗಾಲದ ಆರಂಭವನ್ನು ಆದಷ್ಟು ತಪ್ಪಿಸಿದರೆ, ಎರಡೂ ಕಡೆಯ ಕೆಲಸ ಆಗುತ್ತದೆ.

ಈ ಬೇಸಿಗೆಯಲ್ಲಿ ತಿಪ್ಪೆ ಒಡೆಯುವವರಿಗೆ ಒಂದು ವಿನಂತಿ. ಕಂಡ ಬಿಳಿ ಗೊಣ್ಣೆ ಹುಳುಗಳೆಲ್ಲ ಕುರುವಾಯಿಯ ಮರಿಗಳಲ್ಲ. ಹೂದುಂಬಿಗಳ ಮರಿಗಳೂ ಅದೇ ಗೊಬ್ಬರದಲ್ಲಿ ಇರುತ್ತವೆ, ಅವು ತೆಂಗಿನ ತಂಟೆಗೆ ಬರುವುದಿಲ್ಲ. ಗುರುತಿಸುವುದು ಸುಲಭ: ಒಂದೆರಡನ್ನು ಹೆಕ್ಕಿ ಗಟ್ಟಿ ನೆಲದ ಮೇಲೆ ಬಿಡಿ. ಹೂದುಂಬಿಯ ಮರಿ ಅಂಗಾತ ಬಿದ್ದು ಕಾಲು ಮೇಲೆ ಮಾಡಿ ಬೆನ್ನಿನ ಮೇಲೆ ತೆವಳಿಕೊಂಡು ಹೋಗುತ್ತದೆ. ಅದನ್ನು ಗೊಬ್ಬರಕ್ಕೆ ಮರಳಿಸಿ. ಮಗ್ಗುಲಾಗಿ ಸುರುಳಿ ಸುತ್ತಿಕೊಂಡು ಹೊರಳಾಡುವ, ಬೆರಳುದ್ದದ ದಪ್ಪ ಹುಳುವನ್ನು ಕೋಳಿಗೆ ಹಾಕಿ.